ಹೋದವರು ಎಲ್ಲಿಗೆ ಹೋದರು?

2024ರ ಕೊನೆಯ ತಿಂಗಳುಗಳಲ್ಲಿ ಒಂದು ರಾತ್ರಿ ನಮ್ಮವ್ವ ಊಟ ಬಿಟ್ಟಳು. ಎಂಬತ್ತು ದಾಟಿದ ಜೀವ. ಸೋಮವಾರದ ಒಪ್ಪತ್ತು ಬಿಟ್ಟರೆ ರಾತ್ರಿಯ ಹಾಲು-ರೊಟ್ಟಿ ತಪ್ಪಿಸಿದವಳಲ್ಲ. ಅಂದು ತಾಟಿನಲ್ಲಿ ಮುರಿದು ಹಾಕಿದ ರೊಟ್ಟಿ ಹಾಲು ಕುಡಿದು ಉಬ್ಬಿಕೊಂಡು ಹಾಗೇ ಕುಳಿತಿತ್ತು. ಏನಾಯಿತೋ ಎಂದು ನಾನು ಗಾಬರಿಯಿಂದ ಕೇಳಿದರೆ ನನ್ನ ಹೆಂಡತಿ ಟೀವಿಯ ಕಡೆ ಕಣ್ಣು ತೋರಿಸಿ, “ಸ್ನೇಹಾ ಹೋದಳ್ರಿ” ಅಂದಳು.

ಯಾವ ಸ್ನೇಹಾ? ನಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲ. ಓಣಿಯಲ್ಲಿಯೂ ಇಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು, “ಯವ್ವಾ, ಹಿಂಗ ಆಗಬಾರದಿತ್ತು ನೋಡು” ಎಂದಾಗ ನನಗೆ ತಿಳಿಯಿತು. ಹೋದವಳು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಸ್ನೇಹಾ. ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನ ನಡುವಿನ ಮಗಳು. ಹಟಕ್ಕೆ ಬಿದ್ದು ಓದಿ ಡಿ.ಸಿ. ಆದವಳು. ಅವಳು ಅಪಘಾತದಲ್ಲಿ ತೀರಿಕೊಂಡಿದ್ದಳು.

ನಗಬೇಡಿ. ನಾನೂ ಆ ರಾತ್ರಿ ನಗಲು ಹೋಗಿ ಅವ್ವನ ಮುಖ ನೋಡಿ ಸುಮ್ಮನಾದೆ. ಡಂಬಳದಂಥ ಊರಿನಲ್ಲಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಒಯ್ದು, ಉಳ್ಳಾಗಡ್ಡಿ ಹೆಚ್ಚಿ, ಮೆಣಸಿನಕಾಯಿ ಒಣಗಿಸಿ ಆಯುಷ್ಯ ಕಳೆದ ಹೆಣ್ಣುಮಗಳಿಗೆ ಪುಟ್ಟಕ್ಕ ಪರದೆಯ ಮೇಲಿನ ಹೆಂಗಸಲ್ಲ. ಆ ಪಾತ್ರ ಮಾಡಿದ ಉಮಾಶ್ರೀಯವರು ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಹೆಸರಾದವರು, ಕೈ ಒರೆಸಿಕೊಳ್ಳುವ ರೀತಿಯಲ್ಲೇ ಒಂದು ಅಡುಗೆಮನೆಯನ್ನು ಕಣ್ಣ ಮುಂದೆ ತರಬಲ್ಲವರು. ಅಂಥ ಅವ್ವನ ಮಗಳು ಓದಿ ಡಿ.ಸಿ. ಆಗುವುದನ್ನು 2021ರ ಡಿಸೆಂಬರಿನಿಂದ ಮೂರು ವರ್ಷ ದಿನವೂ ಕುಳಿತು ನೋಡಿದವಳು ನಮ್ಮವ್ವ. ನನ್ನ ಮಗಳು ಆಗ ದಿನವೂ ಬಸ್ಸಿನಲ್ಲಿ ಗದಗಿಗೆ ಹೋಗಿ ಪಿ.ಯು.ಸಿ. ಎರಡನೆಯ ವರ್ಷ ಓದುತ್ತಿದ್ದಳು. ಅವಳು ಪುಸ್ತಕ ಮುಚ್ಚಿಟ್ಟರೆ ಸಾಕು, “ಸ್ನೇಹಾ ಹಿಂಗ ಕುಂತಿದ್ದಳೇನು?” ಎಂದು ಅವ್ವ ಗದರುತ್ತಿದ್ದಳು. ಅವ್ವನಿಗೆ ಆ ಹುಡುಗಿ ನಮ್ಮ ಮನೆಯ ಎರಡನೆಯ ಮೊಮ್ಮಗಳೇ ಆಗಿದ್ದಳು.

ಮರುದಿನ ಮಗಳು ಮೊಬೈಲಿನಲ್ಲಿ ಹುಡುಕಿ ಸುದ್ದಿ ತಂದಳು. ಸ್ನೇಹಾ ಪಾತ್ರದ ಸಂಜನಾ ಬುರ್ಲಿ ಧಾರಾವಾಹಿ ಬಿಟ್ಟಿದ್ದಾರೆ, ಮುಂದಕ್ಕೆ ಓದಬೇಕಂತೆ, ಅದಕ್ಕೇ ಪಾತ್ರವನ್ನು ಮುಗಿಸಿದ್ದಾರೆ. ಮೊಮ್ಮಗಳು ಇದನ್ನು ಸಮಾಧಾನದ ಮಾತೆಂದು ಹೇಳಿದಳು: ಆಯಿ, ಆಕಿ ಸತ್ತಿಲ್ಲ, ಆರಾಮ ಅದಾಳ, ಓದಾಕ ಹೋಗ್ಯಾಳ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಓದಾಕ ಹೋದಾಕಿನ್ನ ಸಾಯಿಸಿದ್ರ್ಯಾಕ?”

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮಾಸ್ತರ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದಾಗ ಗಂಟಲು ಸರಿಮಾಡಿಕೊಳ್ಳುವುದು ನಮ್ಮ ವೃತ್ತಿಯ ಹಳೆಯ ಉಪಾಯ. ಅದನ್ನೇ ಮಾಡಿದೆ.

ನಿಜಕ್ಕೂ ಯಾಕೆ? ಯೋಚಿಸುತ್ತ ಹೋದರೆ ಧಾರಾವಾಹಿ ಮಾಡುವವರ ಕಷ್ಟವೂ ಅರ್ಥವಾಗುತ್ತದೆ. ಸಿನಿಮಾದಂತೆ ಕಥೆ ಪೂರ್ತಿ ಬರೆದಿಟ್ಟುಕೊಂಡು ಹೊರಡುವ ಪಯಣವಲ್ಲ ಅದು. ವಾರಕ್ಕೆ ಐದಾರು ಸಂಚಿಕೆ, ವರ್ಷಗಟ್ಟಲೆ. ಹಳಿ ಹಾಸುತ್ತಲೇ ರೈಲು ಓಡಿಸುವ ಕೆಲಸ. ಮುಂದಿನ ಕೆಲವು ದಿನಗಳಿಗಾಗುವಷ್ಟು ಮಾತ್ರ ಚಿತ್ರೀಕರಣ ಮಾಡಿಟ್ಟುಕೊಂಡಿರುತ್ತಾರೆ. ಗುರುವಾರ ಬಂತೆಂದರೆ ಟಿ.ಆರ್.ಪಿ. ಅಂಕಿಗಳು ಬರುತ್ತವೆ, ನಮ್ಮ ಮಕ್ಕಳ ಫಲಿತಾಂಶದ ಹಾಗೆ. ವ್ಯತ್ಯಾಸವೆಂದರೆ ಇವರಿಗೆ ಪ್ರತಿ ವಾರವೂ ಪರೀಕ್ಷೆ. ಇಂಥದರಲ್ಲಿ ಮುಖ್ಯ ಪಾತ್ರದವರು ಮದುವೆಯೆಂದೋ, ಸಿನಿಮಾ ಸಿಕ್ಕಿತೆಂದೋ, ಮನಸ್ತಾಪದಿಂದಲೋ, ಓದಿಗೋ ಹೊರಟು ನಿಂತರೆ ಕಥೆಗೆ ಏನಾದರೂ ಮಾಡಬೇಕು. ಅದೂ ಬೇಗ ಮಾಡಬೇಕು.

ಎಲ್ಲಕ್ಕಿಂತ ಸುಲಭದ ದಾರಿ ಮುಖ ಬದಲಿಸುವುದು. ನಿನ್ನೆ ಒಬ್ಬರು, ಇಂದು ಅದೇ ಹೆಸರಿನಲ್ಲಿ ಇನ್ನೊಬ್ಬರು. 2013ರಲ್ಲಿ ಶುರುವಾದ ‘ಲಕ್ಷ್ಮೀ ಬಾರಮ್ಮ’ದಲ್ಲಿ ಚಂದನ್ ಕುಮಾರ್ ಬಿಟ್ಟ ಜಾಗಕ್ಕೆ ಶೈನ್ ಶೆಟ್ಟಿ ಬಂದರು, ಕವಿತಾ ಗೌಡ ಬಿಟ್ಟಾಗ ರಶ್ಮಿ ಪ್ರಭಾಕರ್ ಚಿನ್ನು ಆದರು. ಮನೆಯವರು ಯಾರೂ “ಇದೇನು, ನಿನ್ನ ಮೂಗು ಬೇರೆ ಆಗಿದೆಯಲ್ಲ” ಎನ್ನುವುದಿಲ್ಲ. ಅತ್ತೆಯ ಬೈಗುಳವೂ ನಿನ್ನೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅವ್ವ ಇದಕ್ಕೆ ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಒಪ್ಪಿಕೊಂಡಿದ್ದಳು. ಹೊಸ ಸೊಸೆ ಮನೆಗೆ ಬಂದರೆ ಒಪ್ಪಿಕೊಳ್ಳುವ ಹಾಗೆ.

‘ಜೊತೆ ಜೊತೆಯಲಿ’ಯವರಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. 2019ರಲ್ಲಿ ಆರಂಭವಾದ ಆ ಕಥೆಯಲ್ಲಿ ಆರ್ಯವರ್ಧನನಾಗಿದ್ದ ಅನಿರುದ್ಧ ಅವರು 2022ರ ಆಗಸ್ಟಿನಲ್ಲಿ ವಿವಾದವಾಗಿ ಹೊರಬಿದ್ದರು. ಕಥೆಯಲ್ಲಿ ಅಪಘಾತವಾಯಿತು, ಶಸ್ತ್ರಚಿಕಿತ್ಸೆಯಾಯಿತು, ಆರ್ಯನಿಗೆ ಹರೀಶ್ ರಾಜ್ ಅವರ ಮುಖ ಬಂತು. ಹಿಂದಿಯಲ್ಲಿ ಈ ವಿದ್ಯೆ ಇನ್ನೂ ಹಳೆಯದು. 2000ದ ಜುಲೈಯಲ್ಲಿ ಶುರುವಾದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ಮಿಹಿರನನ್ನು ಕೊಂದಾಗ ದೇಶದ ಉದ್ದಗಲಕ್ಕೂ ಹೆಂಗಸರು ಕಣ್ಣೀರಿಟ್ಟರು, ಆ ಗದ್ದಲಕ್ಕೆ ಮಣಿದು ಅವನನ್ನು ಬದುಕಿಸಿ ತಂದರು. ಮುಂದೆ ಅಮರ್ ಉಪಾಧ್ಯಾಯ ಬಿಟ್ಟ ಮೇಲೆ ಅದೇ ಮಿಹಿರನಿಗೆ ಇನ್ನೆರಡು ಮುಖಗಳು ಬಂದವು. ತಮಾಷೆಯೆಂದರೆ 2025ರಲ್ಲಿ ಆ ಧಾರಾವಾಹಿ ಮತ್ತೆ ಶುರುವಾದಾಗ ಮಿಹಿರನಾಗಿ ಬಂದವರು ಮೊದಲಿನ ಅಮರ್ ಉಪಾಧ್ಯಾಯರೇ. ಸತ್ತು, ಎದ್ದು, ಎರಡು ಸಲ ಮುಖ ಬದಲಿಸಿ, ಕಾಲು ಶತಮಾನದ ಮೇಲೆ ಮನುಷ್ಯ ತನ್ನ ಮನೆಗೆ ತಾನೇ ಹಿಂತಿರುಗಿದ!

ಇನ್ನೊಂದು ದಾರಿ, ಪಾತ್ರವನ್ನು ಎಲ್ಲಿಗೋ ಕಳಿಸಿಬಿಡುವುದು. ಅಮೆರಿಕ, ದುಬೈ, ಇಲ್ಲವೇ “ಊರಿಗೆ”. ಮೊದಲ ವಾರ ಫೋನ್ ಬರುತ್ತದೆ. ಎರಡನೆಯ ವಾರ “ಅವನು ಫೋನ್ ಮಾಡಿದ್ದ” ಎಂಬ ಮಾತು ಬರುತ್ತದೆ. ಮೂರನೆಯ ವಾರದಿಂದ ಅವನ ಹೆಸರೇ ಇರುವುದಿಲ್ಲ. ಗೋಡೆಯ ಫೋಟೋದಲ್ಲೂ ಇರುವುದಿಲ್ಲ. ನಮ್ಮೂರಿನಲ್ಲಿ ಇದಕ್ಕೆ ಹೋಲುವ ಒಂದು ಸಂಗತಿಯಿದೆ. ದೊಡ್ಡಬಸಪ್ಪನ ಗುಡಿ ನೋಡಲು ಬರುವವರಿಗೆ ನಕ್ಷತ್ರದಾಕಾರದ ಆ ಗೋಡೆ ಗೊತ್ತು. ಆದರೆ ಡಂಬಳದಲ್ಲಿ ಒಂದು ಕಾಲಕ್ಕೆ ಬೌದ್ಧ ವಿಹಾರಗಳೂ ಇದ್ದವೆಂಬುದು ಬಹಳ ಜನರಿಗೆ ತಿಳಿಯದು. 1095ರ ಶಾಸನವೊಂದು ಇಲ್ಲಿಯ ಹದಿನಾರು ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನೂ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ಬಂದವರ, ಕೊಟ್ಟವರ ಲೆಕ್ಕ ಕಲ್ಲಿನ ಮೇಲಿದೆ. ಆ ಭಿಕ್ಷುಗಳು ಯಾವಾಗ ಎದ್ದು ಹೋದರು ಎಂಬುದು ಅದರಲ್ಲಿಲ್ಲ. ಇದನ್ನು ಪಾಠ ಮಾಡಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗನೊಬ್ಬ ತಪ್ಪದೆ ಕೇಳುತ್ತಾನೆ: “ಸರ್, ಮತ್ತ ಅವರು ಎಲ್ಲಿಗೆ ಹೋದ್ರು?”

ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನನ್ನ ಅಜ್ಜ ನೆನಪಾಗುತ್ತಾನೆ.

1981. ನನಗೆ ಆರು ವರ್ಷ. ಅಪ್ಪನ ಅಪ್ಪ, ನನ್ನನ್ನು ಹೆಗಲ ಮೇಲೆ ಹೊತ್ತು ಕೆರೆಯ ದಂಡೆಗೆ ಒಯ್ಯುತ್ತಿದ್ದ ಅಜ್ಜ, ಒಂದು ದಿನ ಎದೆನೋವೆಂದು ಕುಳಿತ. ಅವನನ್ನು ಗದಗಿಗೆ ಒಯ್ದರು. ಎರಡು ದಿನಕ್ಕೆ ತೀರಿಕೊಂಡ. ಮಣ್ಣು ಕೊಡುವ ದಿನ ನನ್ನನ್ನು ದೂರದ ಓಣಿಯ ಮನೆಯೊಂದರಲ್ಲಿ ಬಿಟ್ಟಿದ್ದರು. ಅಂದು ಸಂಜೆ ಯಾವ ದೊಡ್ಡವರನ್ನು ಕೇಳಿದರೂ ಒಂದೇ ಉತ್ತರ, “ಅಜ್ಜ ಗದಗಿಗೆ ಹೋಗ್ಯಾನ.” ಸುಳ್ಳೆಂದು ಹೇಳುವಂತಿಲ್ಲ, ಹೋಗಿದ್ದೇನೋ ನಿಜವೇ. ಹೋದವನು ಬರಬೇಕಲ್ಲ? ನಾನು ದಿನಾ ಸಂಜೆ ಗದಗಿನ ಬಸ್ಸು ಬರುವ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಇಳಿಯುವ ಬಿಳಿ ಪಟಗಗಳನ್ನೆಲ್ಲ ನೋಡುತ್ತಿದ್ದೆ. ಹೀಗೆ ಹನ್ನೊಂದು ದಿನವೋ ಹನ್ನೆರಡು ದಿನವೋ ನಡೆಯಿತು. ಒಂದು ಸಂಜೆ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಲ್ಲಿಗೆ ಬಂದಳು. ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತಳು. ಬಸ್ಸು ಬಂತು, ಜನ ಇಳಿದರು, ಬಸ್ಸು ಹೋಯಿತು. ಆಮೇಲೆ ಅಂದಳು: “ಅಜ್ಜ ಬರೂದಿಲ್ಲ ತಮ್ಮಾ. ಸತ್ತಾನ. ಹೊಲದಾಗ ಮಣ್ಣ ಕೊಟ್ಟೀವಿ. ನಾಳೆ ತೋರಸ್ತೀನಿ ಬಾ.” ಮರುದಿನ ಕರೆದುಕೊಂಡು ಹೋಗಿ ತೋರಿಸಿದಳು. ನಾನು ಅತ್ತೆ. ಆದರೆ ಅಂದಿನಿಂದ ಬಸ್‌ಸ್ಟ್ಯಾಂಡಿಗೆ ಹೋಗುವುದು ನಿಂತಿತು. ರಾತ್ರಿ ನಿದ್ದೆ ಬಂತು.

ಸಾವನ್ನು ನಮ್ಮ ಕಡೆಯ ಜನ ಆಟದಲ್ಲಿ ಕಂಡಿಲ್ಲವೆಂದಲ್ಲ. ಜಾತ್ರೆಯ ದಿನಗಳಲ್ಲಿ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ನೋಡಿ ಬೆಳೆದವರು ನಾವು. ಗೆಳೆಯ ಬಾಳ್ಯಾನೇ ಮೋಸ ಮಾಡಿ ಸಂಗ್ಯಾನನ್ನು ಕೊಲೆಗೆ ಒಪ್ಪಿಸುವುದು ಎಲ್ಲರಿಗೂ ಗೊತ್ತಿರುವ ಕಥೆ. ಬೆಳಗಿನ ಜಾವಕ್ಕೆ ಸಂಗ್ಯಾ ಬಿದ್ದಾಗ ಹೆಂಗಸರೆಲ್ಲ ಬಿಕ್ಕುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಅದೇ ಸಂಗ್ಯಾ ಕಿವಿಯ ಹತ್ತಿರ ಇನ್ನೂ ಬಣ್ಣ ಇಟ್ಟುಕೊಂಡೇ ಚಹಾದ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತಿದ್ದ. ಕಂಪನಿ ನಾಟಕಗಳದೂ ಹೀಗೇ ಒಂದು ಮರ್ಯಾದೆಯಿತ್ತು. ಗದಗಿನ ಪುಣ್ಯಾಶ್ರಮದ ಗವಾಯಿಗಳ ನಾಟ್ಯಸಂಘ, ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ಕಂಪನಿಗಳು, ಇವುಗಳ ನಾಟಕ ನೋಡಲು ಅಪ್ಪ ನಮ್ಮನ್ನು ಕರೆದೊಯ್ಯುತ್ತಿದ್ದ. ಒಮ್ಮೆ ನಾಯಕಿಯ ಪಾತ್ರದವರು ಬಂದಿರಲಿಲ್ಲ. ಪರದೆ ಏಳುವ ಮೊದಲು ಮ್ಯಾನೇಜರರು ಕೈ ಮುಗಿದು ಮುಂದೆ ಬಂದು, ಇವತ್ತು ಇಂಥವರ ಪಾತ್ರವನ್ನು ಇಂಥವರು ಮಾಡುತ್ತಾರೆ, ಪ್ರೇಕ್ಷಕರು ಸಹಕರಿಸಬೇಕು ಎಂದು ಹೇಳಿದರು. ಅರೆಗಳಿಗೆ ಗುಜುಗುಜು ಆಯಿತು. ಆಮೇಲೆ ನಾಟಕ ನಡೆಯಿತು, ಚಪ್ಪಾಳೆಯೂ ಬಿತ್ತು.

1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ದೂರದರ್ಶನದಲ್ಲಿ ಬಿ.ಆರ್. ಚೋಪ್ರಾರ ‘ಮಹಾಭಾರತ’ ಬಂದಾಗ ನಮ್ಮ ಓಣಿಗೆ ಇದ್ದದ್ದು ಒಂದೇ ಟೀವಿ. ರವಿವಾರ ಬೆಳಿಗ್ಗೆ ಒಬ್ಬ ಹುಡುಗ ಮಾಳಿಗೆ ಏರಿ ಆಂಟೆನಾ ಹಿಡಿದು ತಿರುಗಿಸಬೇಕು, ಕೆಳಗಿನವರು “ಬಂತು, ಬಂತು, ಹೋತು” ಎಂದು ಕೂಗಬೇಕು. ಆ ಹುಡುಗ ಬಹಳ ಸಲ ನಾನೇ. ಹಿಂದಿ ತಿಳಿಯದವರಿಗೆ ತಿಳಿದವರೊಬ್ಬರು ಅರ್ಥ ಹೇಳುತ್ತಿದ್ದರು. ಅಭಿಮನ್ಯು ಚಕ್ರವ್ಯೂಹ ಹೊಕ್ಕ ದಿನ ಅರ್ಥ ಹೇಳುವವರೇ ಬೇಕಾಗಲಿಲ್ಲ. ಅವನು ಹೊರಗೆ ಬರುವುದಿಲ್ಲವೆಂದು ಅಲ್ಲಿ ಕುಳಿತ ಪ್ರತಿ ಮುದುಕಿಗೂ ಗೊತ್ತಿತ್ತು. ಗೊತ್ತಿದ್ದೂ ಅತ್ತರು. ಅತ್ತು, ಎದ್ದು ಹೋಗಿ ರೊಟ್ಟಿ ಬಡಿದರು. ಯಾರೂ ಊಟ ಬಿಡಲಿಲ್ಲ. ಅದು ಕಥೆಗೆ ಬೇಕಾದ ಸಾವು. ಅವನು ಸಾಯದಿದ್ದರೆ ಮುಂದಿನ ಕಥೆಯೇ ಇಲ್ಲ. ಸ್ನೇಹಾಳ ಸಾವು ಯಾರಿಗೆ ಬೇಕಾಗಿತ್ತು? ಪುಟ್ಟಕ್ಕನಿಗೆ ಬೇಕಿರಲಿಲ್ಲ, ಕಥೆಗೂ ಬೇಕಿರಲಿಲ್ಲ. ಅದು ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಹೊಡೆದು ಹಾಕಲು ಬೇಕಾದ ಸಾವು. ನಮ್ಮವ್ವನಿಗೆ ಈ ವ್ಯತ್ಯಾಸ ಹೇಳಲು ಬರದಿದ್ದರೂ ಗಂಟಲಿಗೆ ತಿಳಿಯಿತು. ಅನ್ನ ಇಳಿಯಲಿಲ್ಲ.

ಈ ವಿಷಯವನ್ನು ನಮ್ಮ ಶಾಲೆಯ ಕೊಠಡಿಯಲ್ಲಿ ಎತ್ತಿದಾಗ ಸಹೋದ್ಯೋಗಿಯೊಬ್ಬರು ಬಿದ್ದು ಬಿದ್ದು ನಕ್ಕರು. “ಅಲ್ರೀ ಸರ್, ಆಕಿ ಡಿ.ಸಿ. ಅಲ್ಲೇನು? ಡಿ.ಸಿ.ನ್ನ ಕಳಸಾಕ ಅಪಘಾತ ಯಾಕ ಬೇಕು? ಒಂದು ವರ್ಗಾವಣೆ ಆದೇಶ ಸಾಕು!” ಖರೆ ಮಾತು. 1997ರಲ್ಲಿ ಗದಗ ಜಿಲ್ಲೆಯಾದಾಗಿನಿಂದ ಎಷ್ಟು ಮಂದಿ ಜಿಲ್ಲಾಧಿಕಾರಿಗಳು ಬಂದರು, ಹೋದರು. ಬೀಳ್ಕೊಡುವಾಗ ಶಾಲು ಹೊದಿಸಿ ಹಾರ ಹಾಕಿದ್ದೇವೆ, ಯಾರಿಗೂ ಅಪಘಾತ ಮಾಡಿಸಿಲ್ಲ. ಆದರೆ ವರ್ಗವಾಗಿ ಹೋದವಳು ಹಬ್ಬಕ್ಕೆ ಬರಬೇಕು, ತಂಗಿಯ ಮದುವೆಗೆ ಬರಬೇಕು. ಬಾರದಿದ್ದರೆ ನೋಡುವವರು ಕೇಳುತ್ತಲೇ ಇರುತ್ತಾರೆ. ಗಂಡನ ಪಾತ್ರದವನ ಕಥೆಯೂ ಕಟ್ಟಿ ಹಾಕಿದಂತಾಗುತ್ತದೆ. ಸಾವಾದರೆ ಪ್ರಶ್ನೆಯೇ ಇಲ್ಲ, ಮೇಲೆ ಎರಡು ವಾರದ ಅಳು ಬೇರೆ ಸಿಗುತ್ತದೆ. ಧಾರಾವಾಹಿಯವರು ಸ್ನೇಹಾಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಜೋಡಿಸಿ, ಅವಳಿಗೂ ಸ್ನೇಹಾ ಎಂದೇ ಹೆಸರಿಟ್ಟು ಕಥೆ ಮುಂದುವರಿಸಿದರು. ಅಂಗದಾನದ ಮಾತು ಮನೆಮನೆಗೆ ಮುಟ್ಟಿತಲ್ಲ ಎಂದು ನಾನು ಅವ್ವನ ಮುಂದೆ ಅವರ ಪರ ವಾದಿಸಿದೆ. ಅವ್ವ, “ಅದೆಲ್ಲಾ ಛಲೋನ ಐತಿ. ಆದ್ರ ಓದಾಕ ಕಳಿಸಿದ್ರ ಅವರ ಗಂಟೇನು ಹೋಗ್ತಿತ್ತು?” ಎಂದು ಮತ್ತೆ ಅಲ್ಲಿಗೇ ಬಂದಳು.

ಪಾಲಕರಾದವರು ಇಲ್ಲಿಯತನಕ ಓದಿ, ಟೀವಿಯವರದು ತಪ್ಪು ಎಂದು ತಲೆದೂಗಿರಬಹುದು. ನಾನೂ ದೂಗಿದ್ದೆ, 2025ರ ಮಳೆಗಾಲದವರೆಗೆ.

ಆ ವರ್ಷ ಮಗಳಿಗೆ ಕೃಷಿ ಪದವಿಗೆ ಸೀಟು ಸಿಕ್ಕಿತು. ಧಾರವಾಡದಲ್ಲಿ ಅಲ್ಲ, ದೂರದ ಮಂಡ್ಯದಲ್ಲಿ. ನಾಲ್ಕು ವರ್ಷ. ಮನೆಯಲ್ಲಿ ಸಂತೋಷವೂ ಆಯಿತು, ಅಡುಗೆಮನೆಯಲ್ಲಿ ಪಿಸುಮಾತೂ ಶುರುವಾಯಿತು. ಅವ್ವನಿಗೆ ಹೇಳುವುದು ಹೇಗೆ? ಮೊಮ್ಮಗಳ ಪಕ್ಕದಲ್ಲೇ ಮಲಗುವ ಜೀವ. ಬಿ.ಪಿ. ಬೇರೆ. ಟೀವಿಯ ಹುಡುಗಿ ಹೋದದ್ದಕ್ಕೇ ಊಟ ಬಿಟ್ಟವಳು! ನಾನೂ ಹೆಂಡತಿಯೂ ಕೂಡಿ ಒಂದು ತೀರ್ಮಾನಕ್ಕೆ ಬಂದೆವು. ಧಾರವಾಡ ಎಂದು ಹೇಳುವುದು. ಧಾರವಾಡವೆಂದರೆ ಅವ್ವನಿಗೆ ಹಿತ್ತಲಿದ್ದ ಹಾಗೆ, ಅವಳ ತಂಗಿಯನ್ನು ಕೊಟ್ಟ ಊರು. ಮೊದಲ ತಿಂಗಳು “ಪರೀಕ್ಷೆ ಐತಿ” ಅನ್ನುವುದು, ಎರಡನೆಯ ತಿಂಗಳು “ಫೋನ್ ಮಾಡಿದ್ದಳು” ಅನ್ನುವುದು, ಅಷ್ಟೊತ್ತಿಗೆ ದಸರೆ ಬರುತ್ತದೆ. ಮಗಳು ಮಾತ್ರ ಒಪ್ಪದೆ ಮುಖ ಊದಿಸಿಕೊಂಡು ಕುಳಿತಳು. ನಾನು ಗದರಿ ಒಪ್ಪಿಸಿದೆ.

ಎರಡು ದಿನ ಅವ್ವ ಏನೂ ಅನ್ನಲಿಲ್ಲ. ಮೂರನೆಯ ದಿನ ಸಂಜೆ ನಾನು ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಟೀವಿ ಆರಿಸಿ ಕುಳಿತಿದ್ದಳು. ಅವಳು ಟೀವಿ ಆರಿಸಿ ಕುಳಿತದ್ದನ್ನು ನಾನು ನೋಡಿದ್ದು ಕಡಿಮೆ.

“ಧಾರವಾಡಕ್ಕ ಹೋಗಾಕ ಎರಡು ದಪ್ಪನ್ನ ಹಾಸಿಗಿ, ಅಷ್ಟು ದೊಡ್ಡ ಟ್ರಂಕ್ ಯಾಕೋ ತಮ್ಮಾ?”

ನಾನು ಗಂಟಲು ಸರಿಮಾಡಿಕೊಂಡೆ.

“ನಿಮ್ಮಜ್ಜನ್ನ ಗದಗಿಗೆ ಕಳಿಸಿದಂಗ ಇಕಿನ್ನ ಧಾರವಾಡಕ್ಕ ಕಳಿಸಾಕತ್ತಿಯೇನು?”

ನಲವತ್ನಾಲ್ಕು ವರ್ಷ ಕಳೆದಿದ್ದವು. ಆ ಸಂಜೆಯನ್ನು ಅವಳು ಮರೆತಿದ್ದಾಳೆಂದು ನಾನು ತಿಳಿದಿದ್ದೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಆರು ವರ್ಷದ ಹುಡುಗನಿಗೆ ಸಾವನ್ನೇ ನೇರವಾಗಿ ಹೇಳಿದವಳು. ಅವಳಿಗೆ ನಾನು, ಐವತ್ತು ವರ್ಷದ ಮಾಸ್ತರ, ಒಂದು ಕಾಲೇಜಿನ ಸೀಟನ್ನು ಹೇಳಲು ಹೆದರಿದ್ದೆ. ಹೇಳಿದೆ. ಊರು ಹೇಳಿದೆ, ಎಷ್ಟು ದೂರ ಹೇಳಿದೆ, ನಾಲ್ಕು ವರ್ಷವೆಂದೂ ಹೇಳಿದೆ. ಅವ್ವನ ಕಣ್ಣು ತುಂಬಿದವು. ಆದರೆ ಆ ರಾತ್ರಿ ಊಟ ಬಿಡಲಿಲ್ಲ. ಉಂಡು, “ಅಲ್ಲಿ ಜ್ವಾಳದ ರೊಟ್ಟಿ ಸಿಗೂದಿಲ್ಲ. ಖಡಕ್ ರೊಟ್ಟಿ ಎಷ್ಟು ಕಟ್ಟಬೇಕು, ಲೆಕ್ಕ ಹಾಕು” ಎಂದು ಸೊಸೆಗೆ ಹೇಳಿದಳು. ಮರುದಿನದಿಂದ ಒಲೆಯ ಮುಂದೆ ಅವಳೇ ಮಣೆ ಹಾಕಿಕೊಂಡು ಕುಳಿತಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಹಿಂಡಿ. ಟ್ರಂಕಿನಲ್ಲಿ ಪುಸ್ತಕಕ್ಕೆ ಜಾಗ ಉಳಿಯಲಿಲ್ಲವೆಂದು ಮಗಳು ದೂರಿದಳು.

ಹೊರಡುವ ದಿನ ಗದಗಿನಿಂದ ರಾತ್ರಿ ರೈಲು. ಸಂಜೆಯ ಬಸ್ಸಿಗೆ ಅವ್ವನೂ ಬಸ್‌ಸ್ಟ್ಯಾಂಡಿಗೆ ಬಂದಳು, ಬೇಡವೆಂದರೂ ಕೇಳಲಿಲ್ಲ. ಟ್ರಂಕ್ ಏರಿಸಿದೆವು. ಮಗಳು ಕಾಲಿಗೆ ಬಿದ್ದು ಓಡಿ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಒಂದು ಕೈಯಲ್ಲಿ ಮೊಬೈಲು. ಇನ್ನೊಂದು ಕೈ ಬೀಸಿ, “ಆಯಿ, ಹೋಗ್ತೀನಿ, ಬಾಯ್” ಅಂದಳು.

“ಹಂಗಲ್ಲ” ಅಂದಳು ಅವ್ವ. “ಸರಿಯಾಗಿ ಹೇಳು.”

ಡ್ರೈವರು ಗಾಡಿ ಶುರು ಮಾಡಿದ್ದ. ಕಂಡಕ್ಟರು ಸೀಟಿ ಬಾಯಲ್ಲಿಟ್ಟವನು ಅವ್ವನನ್ನು ನೋಡಿ ಹಾಗೇ ನಿಂತ. ಮಗಳಿಗೆ ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಮೊಬೈಲು ತೊಡೆಯ ಮೇಲಿಟ್ಟು, ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ ಅವ್ವನ ಕೈ ಹಿಡಿದುಕೊಂಡಳು.

“ಹೋಗಿ ಬರ್ತೀನಿ, ಆಯಿ.”

“ಹೂಂ. ಹೋಗಿ ಬಾ” ಅಂದಳು ಅವ್ವ, ಕಂಡಕ್ಟರ ಸೀಟಿ ಊದಿದ.